ಸಾಕ್ಷಿಯ ವಿಳಾಸ

ಒಂಬತ್ತನೇ ದಿನಕ್ಕೆ ಒಂಬತ್ತನೇ ಮನೆ. ಗೇಟಿನ ಒಳಗಡೆಯೇ ನಿಂತ ಯಜಮಾನರು ತಮಾಂಡಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮನೆ ಖಾಲಿ ಇಲ್ಲಮ್ಮ" ಎಂದರು. ಅವರ ಮೊಣಕೈ ಪಕ್ಕದಲ್ಲೇ 'ಮನೆ ಬಾಡಿಗೆಗಿದೆ' ಅನ್ನುವ ಬೋರ್ಡು ಗಾಳಿಗೆ ಗೇಟಿಗೆ ಬಡಿದುಕೊಳ್ಳುತ್ತಿತ್ತು.

"ಬೋರ್ಡು ಹಾಕಿದ್ದೀರಲ್ಲ ಸಾರ್?"

"ತೆಗೀಬೇಕಿತ್ತು, ಮರ್ತ್ಬುಟ್ಟಿದ್ದೆ."

ತೆಗೆಯಲಿಲ್ಲ. ಬಾಗಿಲು ಹಾಕಿಕೊಂಡರು. ನಾವು ತಿರುವು ದಾಟುವವರೆಗೂ ಬೋರ್ಡು ಬಡಿದುಕೊಳ್ಳುತ್ತಲೇ ಇತ್ತು.

ತಮಾಂಡಾ ಬ್ಯಾಗಿನಿಂದ ಚಿಕ್ಕ ನೋಟ್‌ಬುಕ್ ತೆಗೆದಳು. ಮನೆ ಸಿಗದ ಕಾರಣಗಳನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದಳು. ಒಬ್ಬರ ಮಗಳಿಗೆ ಇದ್ದಕ್ಕಿದ್ದ ಹಾಗೆ ಮದುವೆ ಗೊತ್ತಾಗಿತ್ತು. ಇನ್ನೊಬ್ಬರಿಗೆ ಸಂಸಾರಸ್ಥರೇ ಬೇಕಿತ್ತು. ಒಬ್ಬರು ಮಾಂಸ ಬೇಯಿಸ್ತಾಳಾ ಎಂದು ಕೇಳಿ, ಇಲ್ಲ ಎಂದಾಗ, "ಬೇಯಿಸ್ದೇ ಇದ್ರೂ ತಿನ್ನೋದು ತಿಂತಾಳಲ್ಲ" ಎಂದಿದ್ದರು. ಒಬ್ಬಾಕೆ ಕಾರಣ ಕೊಡುವ ತೊಂದರೆಯನ್ನೂ ತೆಗೆದುಕೊಳ್ಳದೆ, ತಮಾಂಡಾಳ ಜೊತೆ ಒಂದು ಸೆಲ್ಫಿ ಹೊಡೆದುಕೊಂಡು ಒಳಗೆ ಹೋಗಿದ್ದಳು.

"ಇದಕ್ಕೆ ಏನಂತ ಬರೀಲಿ?" ಎಂದು ಕೇಳಿದಳು ತಮಾಂಡಾ. ನಾವಿಬ್ಬರು ಮಾತಾಡುವುದು ಇಂಗ್ಲಿಷಿನಲ್ಲಿ.

"ಮರೆವು ಅಂತ ಬರಿ."

"ನಿಮ್ಮ ಊರಿನ ಗೋಡೆಗಳಿಗೆ ಹೊಟ್ಟೆ ಇದೆಯಾ ಕೀರ್ತಿ? ನಾನು ಏನು ತಿಂತೀನಿ ಅಂತ ಮನೆಗಳು ಯಾಕೆ ಕೇಳ್ತಾವೆ?"

ಉತ್ತರ ನನಗೆ ಗೊತ್ತಿತ್ತು. ಮುಂದಿನ ಬೀದಿಗೆ ಹೋಗೋಣ ಎಂದೆ.

ತಮಾಂಡಾ ಮಲಾವಿ ದೇಶದವಳು. ಆಫ್ರಿಕಾದ ಕೆಳಗಡೆ, ಭೂಮಧ್ಯರೇಖೆಯ ಆ ಕಡೆ, ಸಮುದ್ರದಷ್ಟು ದೊಡ್ಡ ಸರೋವರದ ದಂಡೆಯ ಊರು. ಆಹಾರ ವಿಜ್ಞಾನದಲ್ಲಿ ಎಂಎಸ್ಸಿ ಮಾಡಲು ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು ನಮ್ಮ ಕಾಲೇಜಿಗೆ ಬಂದಿದ್ದಳು. ಅವಳ ಊರಿನಲ್ಲಿ ಈ ತಿಂಗಳು ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನಂತೆ, ನೆರಳು ದಕ್ಷಿಣಕ್ಕೆ ಬೀಳುತ್ತದಂತೆ. ನಮ್ಮಲ್ಲಿ ಉಲ್ಟಾ. ಮೊದಲ ವಾರ ನೆರಳನ್ನು ನಂಬಿ ನಡೆದು ಮೂರು ಸಲ ದಾರಿ ತಪ್ಪಿಸಿಕೊಂಡಿದ್ದಳು. ಫೋನಿನಲ್ಲಿ ಮ್ಯಾಪ್ ನೋಡಬಾರದಾ ಎಂದು ನಾನು ರೇಗಿದಾಗ, "ಮ್ಯಾಪ್‌ಗೆ ಸಿಮ್ ಬೇಕು, ಸಿಮ್‌ಗೆ ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು, ಮನೆ ಹುಡುಕೋಕೆ ಮ್ಯಾಪ್ ಬೇಕು" ಎಂದಳು.

ಹಾಸ್ಟೆಲ್ ತುಂಬಿತ್ತು. ಕಾಲೇಜಿನ ಗೆಸ್ಟ್ ಹೌಸಿನಲ್ಲಿ ಎರಡು ವಾರಕ್ಕೆ ಮಾತ್ರ ಜಾಗ. ಹೊರದೇಶದಿಂದ ಓದಲು ಬಂದವರು ಹದಿನಾಲ್ಕು ದಿನದೊಳಗೆ ಸರ್ಕಾರದ ವಿದೇಶಿಯರ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ಬಾಡಿಗೆ ಕರಾರು ತಂದುಕೊಡಲೇಬೇಕು ಎಂದು ನಮ್ಮ ಕಾಲೇಜಿನ ಗುಮಾಸ್ತರು ಮೇಜು ಕುಟ್ಟಿದ್ದರು. ನೋಂದಣಿ ಆಗದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ಅದು ನಿಂತರೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗಬೇಕು. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, "ಕೀರ್ತಿ, ನೀನು ಲೋಕಲ್ ಅಲ್ವಾ, ಈ ಹುಡುಗಿಗೊಂದು ಮನೆ ನೋಡಿಕೊಡಮ್ಮ" ಅಂದಿದ್ದರು. ನಾನು ಎರಡನೇ ವರ್ಷದವಳು. ಲೋಕಲ್ ಅನ್ನಿಸಿಕೊಂಡದ್ದು ಹಿತವಾಗಿತ್ತು. ತಲೆಯಾಡಿಸಿಬಿಟ್ಟೆ.

ಹತ್ತನೇ ದಿನ ಬ್ರೋಕರ್ ವಾಗೀಶ ಫೋನ್ ಮಾಡಿದ. ಮೈಸೂರಿನ ಪಕ್ಕದ ಇಲವಾಲದವನು. ಒಂದು ಹಳೇ ಸ್ಕೂಟರು, ಎರಡು ಮೊಬೈಲು, ಊರಿನ ಖಾಲಿ ಮನೆಗಳೆಲ್ಲ ಅವನ ಬಾಯಲ್ಲಿ.

"ಮೇಡಂ, ಇದು ಗ್ಯಾರಂಟಿ. ಅಮ್ಮಾವ್ರು ಒಬ್ರೇ ಇರೋದು, ರಿಟೈರ್ಡ್ ಟೀಚರ್ರು. ಮೊಮ್ಮಗ್ಳು ಆಸ್ಟ್ರೇಲಿಯಾದಲ್ಲಿ ಓದ್ತಾವ್ಳೆ. ಫಾರಿನ್ ಅಂದ್ರೆ ಅವ್ರಿಗೆ ಅಂಜ್ಕೆ ಇಲ್ಲ, ಬನ್ನಿ."

ಗಿರಿಜಾಂಬಾ ಅವರ ಮನೆ ಕಾಲೇಜಿನಿಂದ ಹತ್ತು ನಿಮಿಷದ ದಾರಿ. ಮಹಡಿಯ ಮೇಲೆ ಒಂದು ಕೋಣೆ, ಹೊರಗಿನಿಂದಲೇ ಮೆಟ್ಟಿಲು, ಕಿಟಕಿ ತುಂಬ ಹೊಂಗೆ ಮರ. ಅವರು ನಮ್ಮನ್ನು ನೋಡಿ ಗೇಟನ್ನು ಪೂರ್ತಿ ತೆಗೆದರು. ಹತ್ತು ದಿನದಲ್ಲಿ ಮೊದಲ ಸಲ ಒಂದು ಗೇಟು ಪೂರ್ತಿ ತೆಗೆದದ್ದು.

"ಬನ್ನಿ, ಬನ್ನಿ. ಬಿಸಿಲಲ್ಲಿ ಬಂದಿದ್ದೀರ, ಮೊದ್ಲು ಕೂತ್ಕೊಳ್ಳಿ." ಹೊಳೆಯುವ ಸ್ಟೀಲ್ ಲೋಟಗಳಲ್ಲಿ ಕಾಫಿ ಬಂತು. "ನಮ್ಮ ಮೊಮ್ಮಗಳು ತೇಜಸ್ವಿನಿಗೂ ಅಲ್ಲಿ ಹೋದ ಹೊಸದ್ರಲ್ಲಿ ಹಿಂಗೇ ಆಯ್ತು ಕಣಮ್ಮ. ಐದು ವಾರ ಅಲೆದ್ಲು ಮಗು. ಒಗ್ಗರಣೆ ವಾಸನೆ ಗೋಡೆಗೆ ಹಿಡಿಯುತ್ತಂತೆ, ಅದಕ್ಕೇ ಮನೆ ಕೊಡಲ್ಲ ಅಂದ್ರಂತೆ. ಫೋನ್ ಮಾಡಿ ಅಳೋಳು. ಇಂಗು ತಿನ್ನೋರು ಮನುಷ್ಯರಲ್ವಾ? ಹೇಳು ಅವಳಿಗೆ, ಇಂಗ್ಲಿಷಲ್ಲಿ ಹೇಳು."

ಹೇಳಿದೆ. ತಮಾಂಡಾಳ ಕಣ್ಣು ತುಂಬಿತು. ಗಿರಿಜಾಂಬಾ ತಾವೂ ಕಣ್ಣೊರೆಸಿಕೊಂಡು, ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು.

"ಬಣ್ಣ ನೋಡಿ ಮನೆ ಇಲ್ಲ ಅನ್ನೋರು ಇನ್ನೂ ಇದಾರಲ್ಲ, ಥೂ. ನಾನು ಮೂವತ್ತು ವರ್ಷ ಪಾಠ ಹೇಳಿದೋಳು. ಅಡುಗೆಮನೇಲಿ ಮಾಂಸ ಒಂದು ಬೇಡ. ಬಾಕಿ ನಿನ್ನಿಷ್ಟ, ನನ್ನ ಮೊಮ್ಮಗಳ ಹಾಗೆ ಇರು."

ನಾಟಕವಾಗಿರಲಿಲ್ಲ. ಇವತ್ತಿಗೂ ಹೇಳುತ್ತೇನೆ, ಆ ಹೆಂಗಸಿನ ಕಣ್ಣಲ್ಲಿದ್ದದ್ದು ನಿಜವಾದ ನೀರು. ಅದೇ ನನ್ನ ತಲೆ ಕೆಡಿಸುವುದು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಮನೆ ಎಲ್ಲಿ ಮಗು?"

"ರೈಲ್ವೆ ವರ್ಕ್‌ಶಾಪ್ ಹತ್ರ ಆಂಟಿ."

ಸುಳ್ಳಲ್ಲ. ವರ್ಕ್‌ಶಾಪ್ ನಮ್ಮ ಮನೆಗೆ ಹತ್ತಿರವೇ. ಏಳನೇ ಕ್ಲಾಸಿನಿಂದ ಇದೇ ಉತ್ತರ ನನ್ನದು. ನಮ್ಮ ಮನೆ ಇರುವುದು ಅಶೋಕಪುರಂನಲ್ಲಿ. ಅದು ದಲಿತರ ಕೇರಿ ಎಂದು ಮೈಸೂರಿಗೆಲ್ಲ ಗೊತ್ತು. ಆ ಹೆಸರು ಹೇಳಿದ ಮೇಲೆ ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ, ಕಾಫಿಯ ಲೋಟ ಮಾತ್ರ ಬದಲಾಗುತ್ತದೆ. ನಮ್ಮ ಕೇರಿಯ ಅರ್ಧ ಹುಡುಗ ಹುಡುಗಿಯರು ಕಾಲೇಜಿನಲ್ಲಿ ವರ್ಕ್‌ಶಾಪ್ ಹತ್ತಿರದವರು, ರೈಲ್ವೆ ಸ್ಟೇಷನ್ ಹಿಂದಿನವರು, ಸರ್ಕಲ್ ಈಚೆಯವರು. ಯಾರೂ ಕೇರಿಯೊಳಗಿನವರಲ್ಲ.

ಮಾರನೇ ದಿನ ಸಂಜೆ ಕರಾರಿಗೆ ಸಹಿ ಹಾಕಲು ಹೊರಟೆವು. ದಾರಿಯಲ್ಲಿ ಪೊಲೀಸರು ಆಟೋ ನಿಲ್ಲಿಸಿದರು. ದಸರಾ ಆನೆಗಳು ತಾಲೀಮಿಗೆ ಬನ್ನಿಮಂಟಪದ ಕಡೆ ಹೊರಟಿದ್ದವು. ಮುಕ್ಕಾಲು ಗಂಟೆ ಆಟೋದಲ್ಲಿ ಬೇಯುತ್ತ ಕೂತೆವು.

"ನಮ್ಮೂರಲ್ಲಿ ಆನೆ ಬಂದರೆ ಮುಸುಕಿನ ಜೋಳದ ಹೊಲ ಕಾಯೋಕೆ ಓಡ್ತೀವಿ" ಎಂದಳು ತಮಾಂಡಾ. "ಇವು ಎಲ್ಲಿ ಇರ್ತಾವೆ?"

"ಅರಮನೆ ಆವರಣದಲ್ಲಿ. ಕಾಡಿನಿಂದ ಕರೆದುಕೊಂಡು ಬಂದು ಇಳಿಸ್ತಾರೆ."

"ಏನು ತಿಂತಾವೆ ಅಂತ ಯಾರೂ ಕೇಳಲ್ವಾ?"

"ಕೇಳ್ತಾರೆ. ಕೇಳಿ ಪೇಪರಲ್ಲಿ ಹಾಕ್ತಾರೆ."

ಅವಳು ನಗಲಿಲ್ಲ. ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡಳು.

ಗಿರಿಜಾಂಬಾ ಅವರ ಮನೆಯಲ್ಲಿ ವಾಗೀಶ ಆಗಲೇ ಛಾಪಾ ಕಾಗದ ಹರಡಿಕೊಂಡು ಕೂತಿದ್ದ. ಯಜಮಾನತಿಯ ಸಹಿ, ಬಾಡಿಗೆದಾರಳ ಸಹಿ, ಒಬ್ಬ ಸಾಕ್ಷಿ. ಸಾಕ್ಷಿ ಊರಿನವರಾಗಿರಬೇಕು, ಆಧಾರ್ ಪ್ರತಿ ಲಗತ್ತಿಸಬೇಕು. ಇನ್ಯಾರು, ಲೋಕಲ್ ನಾನೇ. ಪ್ರತಿಯನ್ನು ಮೇಜಿನ ಮೇಲಿಟ್ಟೆ. ಇಟ್ಟ ಮೇಲೆ ಹೊಳೆಯಿತು. ಏಳನೇ ಕ್ಲಾಸಿನಿಂದ ನಾಲಿಗೆ ಕಾಯುತ್ತ ಬಂದವಳು ನಾನು, ಕಾಗದವನ್ನು ಮರೆತಿದ್ದೆ.

ಗಿರಿಜಾಂಬಾ ಕನ್ನಡಕ ಹಾಕಿಕೊಂಡು ಓದಿದರು. ಹೆಸರು ಓದಿದರು, ಹುಟ್ಟಿದ ತಾರೀಖು ಓದಿದರು, ವಿಳಾಸಕ್ಕೆ ಬಂದು ನಿಂತರು. ಇನ್ನೊಂದು ಸಲ ಓದಿದರು. ಮೇಜಿನ ಮೇಲೆ ನಾನು ನಿನ್ನೆ ಕುಡಿದಂಥದ್ದೇ ಲೋಟ ಇತ್ತು. ಅವರ ಕಣ್ಣು ಅದರ ಮೇಲೆ ಹೋಗಿ ಬಂದದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಇವತ್ತು ದಿನ ಚೆನ್ನಾಗಿಲ್ಲ ಅನ್ಸುತ್ತೆ ವಾಗೀಶ" ಎಂದರು ಮೆತ್ತಗೆ. "ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ."

ಮನೆಯಲ್ಲಿ ಅವರನ್ನು ಬಿಟ್ಟರೆ ಇದ್ದದ್ದು ಒಂದು ಗೋಡೆ ಗಡಿಯಾರ, ಹಾರ ಹಾಕಿದ ಯಜಮಾನರ ಫೋಟೋ.

ಹನ್ನೆರಡನೇ ದಿನ ಬೆಳಿಗ್ಗೆ ವಾಗೀಶನ ಫೋನು.

"ಮೇಡಂ, ಅಮ್ಮಾವ್ರು ಹುಡ್ಗಿಗೆ ಓಕೆ ಅಂದವ್ರೆ. ಕೋಣೆ ಗುಡ್ಸಿ ತೊಳ್ಸವ್ರೆ. ಸಾಕ್ಷಿ ಮಾತ್ರ ಬ್ಯಾರೆಯವ್ರು ಆಗ್ಲಿ ಅಂತಾವ್ರೆ."

"ಯಾಕೆ?"

"ಯಾಕೆ ಅಂತ ನೀವು ಕೇಳೋದು, ನಾನು ಯೋಳೋದು, ಇಬ್ರಿಗೂ ಬೇಜಾರು. ಬುಡಿ ಮೇಡಂ."

"ಹೇಳಿ ವಾಗೀಶ್."

"ಇನ್ನೊಂದು... ನೀವು ಮನೆ ತಾವ ಬರೋದು ಬ್ಯಾಡ್ವಂತೆ. ಹುಡ್ಗೀನ ಗೇಟ್ ಗಂಟ ಬುಟ್ಟು ಹೋಗ್ಲಿ ಅಂದ್ರು. ಅವ್ರೇನ್ ಕೆಟ್ಟೋರಲ್ಲ ಮೇಡಂ. ಮನೇಲಿ ದೇವ್ರು ದಿಂಡ್ರು..."

"ಆಯ್ತು. ನೀವೇ ಸಾಕ್ಷಿ ಹಾಕಿ."

ಫೋನ್ ಇಟ್ಟೆ. ಬೈಯಲಿಲ್ಲ, ಕೂಗಾಡಲಿಲ್ಲ. ಎರಡು ದಿನ ಉಳಿದಿತ್ತು, ಹುಡುಗಿಗೆ ಕೋಣೆ ಬೇಕಿತ್ತು. ಹೀಗೆ ಲೆಕ್ಕಾಚಾರ ಹಾಕಿ ನುಂಗುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಲ್ಯಾಬಿನ ಮೆಟ್ಟಿಲ ಮೇಲೆ ತಮಾಂಡಾ ಸಿಕ್ಕಳು.

"ಮನೆ ಆಯ್ತು. ಇವತ್ತು ಸಂಜೆ ವಾಗೀಶನ ಜೊತೆ ಹೋಗಿ ಸಹಿ ಹಾಕು. ನಾನು ಬರಲ್ಲ, ಕೆಲಸ ಇದೆ."

"ನಿನ್ನೆ ನೀನು ಸಾಕ್ಷಿ ಆಗಿದ್ದೆ. ಇವತ್ತು ಯಾಕೆ ಅಲ್ಲ?"

"ಅದು ಬಿಡು."

"ಹನ್ನೆರಡು ದಿನದಿಂದ ಎಲ್ಲರೂ ನನಗೆ ಸುಳ್ಳು ಕಾರಣ ಹೇಳಿದ್ದಾರೆ. ನೀನೂ ಒಂದು ಹೇಳು, ಬರ್ಕೋತೀನಿ." ನಿಜವಾಗಿಯೂ ನೋಟ್‌ಬುಕ್ ತೆಗೆದಳು.

ಹೇಳಿದೆ. ಆ ಮೆಟ್ಟಿಲ ಮೇಲೆ ಕೂತು ಎರಡು ಸಾವಿರ ವರ್ಷವನ್ನು ಹತ್ತು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಹೇಳುವುದು ಎಂಥ ಹಿಂಸೆ ಎಂದು ಹೇಳಿದವರಿಗೇ ಗೊತ್ತು. ಬಾವಿ, ದೇವಸ್ಥಾನ, ಲೋಟ. ಪ್ರತಿ ವಾಕ್ಯಕ್ಕೂ ಅವಳು, "ಆದರೆ ನೀನು ಇಲ್ಲೇ ಹುಟ್ಟಿದವಳು" ಅನ್ನುತ್ತಿದ್ದಳು. ಹೌದು, ಇಲ್ಲೇ ಹುಟ್ಟಿದ್ದೇ ತೊಂದರೆ.

"ಆದರೆ ಅವರು ನನ್ನ ಕೈ ಹಿಡಿದುಕೊಂಡಿದ್ರು."

"ನೀನು ದೂರದವಳು. ದೂರದವರ ಮೇಲೆ ಕರುಣೆ ಸುಲಭ. ಹೋಗಿ ಸಹಿ ಹಾಕು ತಮಾಂಡಾ. ನನ್ನ ಬಗ್ಗೆ ಯೋಚಿಸಬೇಡ, ನನಗೆ ಅಭ್ಯಾಸ ಇದೆ."

ಅವಳು ಈಗ 'ಇಲ್ಲ, ನಿನಗಿಲ್ಲದ ಮನೆ ನನಗೂ ಬೇಡ' ಅನ್ನುತ್ತಾಳೆ, ನಾನು ದೊಡ್ಡ ಮನಸ್ಸಿನಿಂದ ಒಪ್ಪಿಸುತ್ತೇನೆ ಎಂದು ನಾನು ಕಾಯುತ್ತಿದ್ದೆ. ಅವಳು ಕೇಳಿದ್ದು ಬೇರೆ.

"ನಿಮ್ಮ ಮನೇಲಿ ಖಾಲಿ ಕೋಣೆ ಇಲ್ವಾ?"

"ಇದೆ. ಮಹಡಿ ಮೇಲೆ."

"ಯಾವಾಗಿನಿಂದ ಖಾಲಿ?"

"ಜೂನ್‌ನಿಂದ. ಅಣ್ಣ ಪ್ರೇಮ್‌ಕುಮಾರ್ ಹುಬ್ಬಳ್ಳಿಗೆ ವರ್ಗ ಆದ ಮೇಲೆ."

ತಮಾಂಡಾ ಎದ್ದು ನಿಂತಳು. ಅವಳಿಗೆ ಕೋಪ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಾನು ಒಂಬತ್ತು ಗೇಟಿನ ಮುಂದೆ ನನ್ನ ದೇಶದ ಹೆಸರು ಹೇಳಿದೆ. ಒಂಬತ್ತು ಸಲವೂ ಇಲ್ಲ ಅನ್ನಿಸಿಕೊಂಡೆ. ನೀನು ನನ್ನ ಪಕ್ಕದಲ್ಲೇ ನಿಂತು ಒಂದು ಸಲವೂ ನಿನ್ನ ಬೀದಿ ಹೆಸರು ಹೇಳಲಿಲ್ಲ."

"ಹೇಳಿದರೆ ಏನಾಗುತ್ತೆ ಅಂತ ಈಗ ನೋಡಿದೆಯಲ್ಲ! ನಿನಗೆ ಗೊತ್ತಿಲ್ಲ..."

"ಗೊತ್ತಿಲ್ಲ. ನನಗೆ ಈ ಊರಲ್ಲಿ ಉತ್ತರ ಯಾವ ಕಡೆ ಅಂತಲೂ ಗೊತ್ತಿಲ್ಲ. ಒಂದೇ ಒಂದು ಹೇಳು. ನನ್ನನ್ನು ನಿಮ್ಮ ಮನೆಗೆ ಕರೆಯದೇ ಇದ್ದದ್ದು ನಾನು ಯಾರು ಅಂತಲಾ, ನೀನು ಯಾರು ಅಂತಲಾ?"

ಕೆಳಗೆ ಗುಮಾಸ್ತರು ಯಾರನ್ನೋ ಬೈಯುತ್ತಿದ್ದರು. ಉತ್ತರ ಕೊಡದಿರಲು ಅದೊಂದು ನೆಪ ಸಾಕಾಗಲಿಲ್ಲ.

"ನಾನು ಯಾರು ಅಂತ" ಎಂದೆ.

"ಹಾಗಾದರೆ ಇದನ್ನೂ ಬರ್ಕೋತೀನಿ" ಎಂದು ಬರೆದುಕೊಂಡಳು. ಹತ್ತನೇ ಮನೆ ಗಿರಿಜಾಂಬಾ ಅವರದು. ಹನ್ನೊಂದನೆಯದು ನಮ್ಮದು.

ಆ ಸಂಜೆ ಅವಳು ಸಹಿ ಹಾಕಲು ಹೋಗಲಿಲ್ಲ. ಹದಿಮೂರನೇ ದಿನ ಎರಡು ಸೂಟ್‌ಕೇಸ್ ಹೊತ್ತುಕೊಂಡು ಅಶೋಕಪುರಂಗೆ ಬಂದೆವು. ಅವ್ವನಿಗೆ ಹಿಂದಿನ ಸಂಜೆಯೇ ಹೇಳಿದ್ದೆ. ಅವಳು ಬಾಗಿಲಲ್ಲೇ ಕಾಯುತ್ತಿದ್ದಳು, ಸ್ವಾಗತಕ್ಕಲ್ಲ.

"ಅಲ್ಲ ಕಣೇ, ಮನೇಲಿ ಕೋಣೆ ಮಡೀಕೊಂಡು ಈ ಹೆಣ್ಣುಮಗೀನ ಊರೆಲ್ಲ ಅಲೆಸಿದ್ಯಲ್ಲ, ನಿನ್ನ ತಲೇಲಿ ಏನದೆ? ಎಂಎಸ್ಸಿ ಓದ್ತಾಳಂತೆ ಎಂಎಸ್ಸಿ. ಮುಖ ನೋಡು, ಬಾಡಿ ಓಗದೆ. ಬಾರವ್ವ ಒಳಕ್ಕೆ."

ತಾತ ಸಣ್ಣಯ್ಯ ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಭಾನುವಾರ ಬುದ್ಧ ವಿಹಾರದಲ್ಲಿ ಹುಡುಗರನ್ನು ಕೂರಿಸಿಕೊಂಡು ಪುಸ್ತಕ ಓದಿಸುವವರು. ನಮ್ಮ ಗೇಟಿನ ಮೇಲೆ ಮನೆ ನಂಬರಿನ ಕೆಳಗೆ 'ಅಶೋಕಪುರಂ' ಎಂದು ಗೇಣುದ್ದದ ಅಕ್ಷರದಲ್ಲಿ ಬರೆಸಿದವರೂ ಅವರೇ.

"ವರ್ಕ್‌ಶಾಪ್ ಹತ್ರವಂತೆ" ಎಂದರು ಪೇಪರಿನಿಂದ ಕಣ್ಣೆತ್ತದೆ. ಅವ್ವ ಎಲ್ಲ ಹೇಳಿಬಿಟ್ಟಿದ್ದಳು. "ಆ ವರ್ಕ್‌ಶಾಪಲ್ಲಿ ಕಬ್ಬಿಣ ಹೊತ್ತೋನು ನಾನು. ಯಾರು ಕೇಳಿದ್ರೂ ಅಶೋಕಪುರಂ ಅಂತಿದ್ದೆ. ನೀನು ಒಂದಿನ ಅದ್ರೊಳಕ್ಕೆ ಕಾಲಿಟ್ಟೋಳಲ್ಲ, ಅದ್ರ ಹಿಂದ್ಗಡೆ ಬಚ್ಚಿಟ್ಕೊಂಡಿದ್ದೀಯ."

"ತಾತ, ನಿಮ್ಮ ಕಾಲ ಬೇರೆ."

"ಹೌದು ಕಣವ್ವ. ನಮ್ಮ ಕಾಲದಲ್ಲಿ ಲೋಟ ಬ್ಯಾರೆ ಇತ್ತು. ಈಗ ಒಂದೇ ಲೋಟ, ಕುಡಿದ್ಮೇಲೆ ಕಾರ್ಡ್ ಕೇಳ್ತಾರೆ." ಆಮೇಲೆ ತಮಾಂಡಾಳನ್ನು ತೋರಿಸಿ, "ಕೇಳು ಅವಳ್ನ, ಏನ್ ತಿಂತೀಯ ಅಂತ. ನಾವೂ ಮನೆ ಓನರ್ರು ಈಗ" ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ನಾನು ಕೇಳಿದೆ. ಆ ಪ್ರಶ್ನೆಗೆ ತಮಾಂಡಾಳ ಮುಖ ಗಂಟಿಕ್ಕಿತು. ಬೇಕೆಂದೇ ಸೂಟ್‌ಕೇಸ್ ತೆಗೆದು, ಬಟ್ಟೆಗಳ ಅಡಿಯಿಂದ ನಾಲ್ಕು ಪ್ಲಾಸ್ಟಿಕ್ ಸುತ್ತಿದ ಒಂದು ಪೊಟ್ಟಣ ಎತ್ತಿ ಅವ್ವನ ಮುಂದೆ ಇಟ್ಟಳು. ಬಿಚ್ಚಿದರೆ ಬೆರಳುದ್ದದ ಬೆಳ್ಳಿ ಬಣ್ಣದ ಮೀನು. ಅವರ ಸರೋವರದ್ದು, ಅವಳ ಅಮ್ಮ ಒಣಗಿಸಿ ಕಟ್ಟಿಕೊಟ್ಟದ್ದು. ಹದಿಮೂರು ದಿನ ಅದನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಂಡಿದ್ದಳು.

ಅವ್ವ ಒಂದನ್ನು ಮೂಸಿದಳು. "ಅಯ್ಯೋ, ಒಣಮೀನು ಕಣೇ! ಬದ್ನೇಕಾಯಿ ಅದೆ, ಇವತ್ತೇ ಸಾರು ಮಾಡ್ಬುಡ್ತೀನಿ."

ಸಾರಿನ ಜೊತೆ ರಾಗಿ ಮುದ್ದೆ. ತಮ್ಮೂರಿನಲ್ಲೂ ಮುಸುಕಿನ ಜೋಳದ ಹಿಟ್ಟಿನಲ್ಲಿ ಇಂಥದ್ದೇ ಮಾಡುತ್ತಾರೆಂದು ತಮಾಂಡಾ ಉತ್ಸಾಹದಿಂದ ಮುರಿದು ಬಾಯಿಗಿಟ್ಟು ಅಗಿಯತೊಡಗಿದಳು. ಅವ್ವ ಗಾಬರಿಯಾದಳು. "ಅಗೀಬಾರ್ದು ಕಣವ್ವ, ನುಂಗು. ನುಂಗ್ಬೇಕು ಅಂತ ಯೋಳೇ ಅವಳಿಗೆ."

"ಇಲ್ಲೂ ರೂಲ್ಸಾ?" ಎಂದಳು ತಮಾಂಡಾ ಬಾಯಿ ತುಂಬ ಮುದ್ದೆ ಇಟ್ಟುಕೊಂಡು, ಅಳುವುದೋ ನಗುವುದೋ ತಿಳಿಯದೆ.

ಹೊಸ ಕರಾರಿಗೆ ಮತ್ತೆ ಹೊರಗಿನ ಸಾಕ್ಷಿ ಬೇಕಿತ್ತು. ವಾಗೀಶ ಬಂದ. ಸ್ಕೂಟರನ್ನು ಬೀದಿಯ ಆ ತುದಿಯಲ್ಲೇ ನಿಲ್ಲಿಸಿ ನಡೆದುಕೊಂಡು ಬಂದ. ಮೀನಿನ ಸಾರು ಎರಡು ಸಲ ಬಡಿಸಿಕೊಂಡು ತಿಂದ. ಸಹಿ ಹಾಕಿ, ಕೈ ಒರೆಸಿಕೊಂಡು, "ಮೇಡಂ, ನಾನು ಇಲ್ಲಿ ಸಾಕ್ಷಿ ಹಾಕಿದ್ದು ಗಿರಿಜಾಂಬಾ ಅಮ್ಮಾವ್ರಿಗೆ ಗೊತ್ತಾಗೋದು ಬ್ಯಾಡ. ನನ್ನ ಬಿಸ್ನೆಸ್ಸು ಉಳ್ಸ್ಬುಡಿ" ಎಂದ.

"ನೀವೂ ರೈಲ್ವೆ ವರ್ಕ್‌ಶಾಪ್ ಹತ್ರ ಊಟ ಮಾಡಿದ್ರಿ ಅಂತ ಹೇಳ್ತೀನಿ ಬಿಡಿ" ಎಂದೆ. ತಾತ ಪೇಪರಿನ ಹಿಂದೆ ಕೆಮ್ಮಿದರು.

ಹದಿನಾಲ್ಕನೇ ದಿನ ಮಧ್ಯಾಹ್ನ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಜಿ ತುಂಬಲು ಕೂತೆವು. ಮನೆ ಯಜಮಾನರ ಹೆಸರು ಸಣ್ಣಯ್ಯ. ಫೋಟೋ ದೊಡ್ಡದಾಯಿತು, ಚಿಕ್ಕದು ಮಾಡಿದೆ. ತೀರ ಚಿಕ್ಕದಾಯಿತು, ದೊಡ್ಡದು ಮಾಡಿದೆ. ವಿಳಾಸದ ಸಾಲು ತುಂಬುತ್ತಿರುವಾಗ ನನ್ನ ಫೋನು ಬಡಿದುಕೊಂಡಿತು. ಗಿರಿಜಾಂಬಾ.

"ಏನಮ್ಮ, ಆ ಹುಡುಗಿ ಬರ್ಲೇ ಇಲ್ಲ? ಕೋಣೆ ತೊಳೆಸಿಟ್ಟಿದ್ದೀನಿ. ಬೇರೆ ಸಾಕ್ಷಿ ಸಿಗ್ಲಿಲ್ವಾ?"

"ಮನೆ ಸಿಕ್ತು ಆಂಟಿ."

"ಹೌದಾ? ಒಳ್ಳೇದಾಯ್ತು. ಎಲ್ಲಿ?"

ತಾತನ ಪೇಪರು ಕೆಳಗಿಳಿಯಿತು. ಅಡುಗೆಮನೆಯಲ್ಲಿ ಅವ್ವ ಕೊಳಾಯಿ ನಿಲ್ಲಿಸಿದಳು. ತಮಾಂಡಾಳಿಗೆ ಕನ್ನಡ ಬಾರದು, ಆದರೂ ನನ್ನ ಬಾಯನ್ನೇ ನೋಡುತ್ತಿದ್ದಳು.

"ಅಶೋಕಪುರಂ" ಎಂದೆ. "ನಮ್ಮ ಮನೇಲೇ."

ಆ ಕಡೆ ಗೋಡೆ ಗಡಿಯಾರದ ಸದ್ದು ಕೇಳಿಸಿತು.

"ಅಯ್ಯೋ ಪಾಪ, ಪರದೇಶದ ಮಗು. ಅಲ್ಲಿ ಅದಕ್ಕೆ ಹೊಂದಿಕೆ ಆಗುತ್ತೇನಮ್ಮ?"

"ಆಗ್ತಾ ಇದೆ. ಮುದ್ದೆ ಅಗೀತಾಳೆ ಅನ್ನೋದೊಂದೇ ತೊಂದರೆ."

"ಹಾಗಲ್ಲ ಕಣಮ್ಮ, ನಾನು ಬೇರೆ ಅರ್ಥದಲ್ಲಿ..."

"ಇರಲಿ ಆಂಟಿ. ಒಂದಿನ ಊಟಕ್ಕೆ ಬನ್ನಿ. ಬೇಕಾದ್ರೆ ಮನೇಲಿ ಒಂದು ಮಾತು ಕೇಳ್ಕೊಂಡು ಬನ್ನಿ."

ಫೋನ್ ಇಟ್ಟೆ. ಯಾರಾದರೂ 'ಭೇಷ್' ಅನ್ನಬಹುದೆಂದು ಸುತ್ತ ನೋಡಿದೆ. ತಾತ ಪೇಪರಿನ ಪುಟ ತಿರುಗಿಸಿದರು. ಅವ್ವ ಕೊಳಾಯಿ ಬಿಟ್ಟಳು. ತಮಾಂಡಾ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಬೆರಳಿಟ್ಟು ಕೇಳಿದಳು:

"ಇದನ್ನು ಯಾರು ಬರೆದದ್ದು?"

ಬಗ್ಗಿ ನೋಡಿದೆ. ಫೋನ್ ಬರುವ ಮೊದಲು ತುಂಬುತ್ತಿದ್ದ ಸಾಲು. ಮನೆ ನಂಬರಿನ ಪಕ್ಕದಲ್ಲಿ, ಬಡಾವಣೆಯ ಹೆಸರು ಇರಬೇಕಾದ ಜಾಗದಲ್ಲಿ, 'ರೈಲ್ವೆ ವರ್ಕ್‌ಶಾಪ್ ಹತ್ತಿರ' ಎಂದು ಇಂಗ್ಲಿಷಿನಲ್ಲಿತ್ತು.

"ಕೈ" ಎಂದೆ.

"ಗಂಟೆ ನಾಲ್ಕು ಆಯ್ತು ಕೀರ್ತಿ, ಇವತ್ತೇ ಕೊನೇ ದಿನ" ಎಂದಳು ತಮಾಂಡಾ, ನಿಟ್ಟುಸಿರು ಬಿಟ್ಟು. ನಾನು ಒಂದೊಂದೇ ಅಕ್ಷರ ಅಳಿಸತೊಡಗಿದೆ.